ಓರೆ ಗೋಡೆಯ ಮನೆ

ಅವಳು ನಮ್ಮ ಮಹಡಿಗೆ ಬಾಡಿಗೆಗೆ ಬಂದದ್ದು ಮಳೆಗಾಲಕ್ಕೆ ಮೊದಲೋ ಮಳೆ ಬಿಟ್ಟ ಮೇಲೋ, ಈಗ ಖಚಿತವಾಗಿ ಹೇಳಲಾರೆ. ಕೊಡೆ ಹಿಡಿದು ಗೇಟಿನ ಬಳಿ ನಿಂತ ಚಿತ್ರವೊಂದು ತಲೆಯಲ್ಲಿದೆ. ಆದರೆ ಅವಳು ಬಿಸಿಲಿಗೂ ಕೊಡೆ ಹಿಡಿಯುತ್ತಿದ್ದವಳು, ಹಾಗಾಗಿ ಅದು ಸಾಕ್ಷಿಯಾಗುವುದಿಲ್ಲ. ಕೊಡೆಯ ಬಣ್ಣ ನೀಲಿ ಎಂದು ಬರೆದು ಆಮೇಲೆ ಹೊಡೆದು ಹಾಕಿದೆ. ಅಮ್ಮನನ್ನು ಕೇಳಿದರೆ ಹಸಿರು ಎನ್ನುತ್ತಾರೆ. ಇಲ್ಲಿ ಬರೆಯುವ ಇನ್ನೂ ಕೆಲವು ವಿವರಗಳು ತಪ್ಪಿರಬಹುದು. ಹೊಟ್ಟೆಕಿಚ್ಚಿನಿಂದ ನೋಡಿದ್ದನ್ನು ಮನಸ್ಸು ತನಗೆ ಬೇಕಾದ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಇಟ್ಟುಕೊಳ್ಳುತ್ತದೆ. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚಿತ್ತು. ಹೋದ ತಿಂಗಳು ಅವಳು ತೀರಿಕೊಂಡಳು. ಹೊಟ್ಟೆಕಿಚ್ಚು ಇನ್ನೂ ಇದೆ.

ನಾವಿರುವುದು ಕಾಸರಗೋಡಿನ ಶಿರಿಯದಲ್ಲಿ, ರೈಲು ಹಳಿಗೂ ಹೊಳೆಗೂ ನಡುವೆ. ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ನಾನು ಮದುವೆಯಾದವಳಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ, ಇಲ್ಲಿಗೆ ಹತ್ತಿರದ ಶಾಲೆಯಲ್ಲಿ ಪ್ಲಸ್ ಟು ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಅಪ್ಪ ತಮ್ಮ ಕೊನೆಗಾಲದಲ್ಲಿ ಕಟ್ಟಿಸಿದ ಮಹಡಿ ಖಾಲಿ ಬಿದ್ದಿತ್ತು. ಯಾರಾದರೂ ಹೆಂಗಸರು ಬಂದರೆ ಕೊಡುವ ಎಂದು ಅಮ್ಮನೇ ಹೇಳಿದ್ದರು. ಬಂದವಳು ಇವಳು.

ಕಟ್ಟಡಗಳ ನಕ್ಷೆ ಬರೆಯುವುದು ಅವಳ ಕೆಲಸ. ಕಚೇರಿ ಮಂಗಳೂರಿನಲ್ಲಿ, ಕೆಲಸ ಬರುವುದು ಇಂಗ್ಲೆಂಡಿನಿಂದ. ಅಲ್ಲಿ ಸರ್ವೆ ಮಾಡುವವರು ಹಳೆಯ ಮನೆಗಳಿಗೆ ಹೋಗಿ ಪ್ರತಿ ಕೋಣೆಯ ನಡುವೆ ಒಂದು ಯಂತ್ರ ಇಡುತ್ತಾರೆ. ಅದು ಸುತ್ತ ತಿರುಗುತ್ತ ಬೆಳಕು ಬಿಟ್ಟು, ಬೆಳಕು ತಾಗಿದಲ್ಲೆಲ್ಲ ಒಂದೊಂದು ಚುಕ್ಕಿ ಗುರುತು ಮಾಡಿಕೊಳ್ಳುತ್ತದೆ. ಗೋಡೆ, ತೊಲೆ, ಮೆಟ್ಟಿಲು, ಬಾಗಿಲ ಚಿಲಕ, ಎಲ್ಲವೂ ಲಕ್ಷಗಟ್ಟಲೆ ಚುಕ್ಕಿಗಳಾಗಿ ಇಲ್ಲಿಯ ಕಂಪ್ಯೂಟರಿಗೆ ಬಂದಿಳಿಯುತ್ತವೆ. ಆ ಚುಕ್ಕಿಗಳ ಮೇಲೆ ಗೆರೆ ಎಳೆದು ನಕ್ಷೆ ಮಾಡಿ ವಾಪಸು ಕಳುಹಿಸಬೇಕು. ವಾರದಲ್ಲಿ ಕೆಲವು ದಿನ ಅವಳು ಮಂಜೇಶ್ವರದಿಂದ ರೈಲು ಹಿಡಿದು ಮಂಗಳೂರಿಗೆ ಹೋಗುತ್ತಿದ್ದಳು. ಉಳಿದ ದಿನ ನಮ್ಮ ಮಹಡಿಯೇ ಕಚೇರಿ.

ಅವಳ ಎಡಗೈಯ ಉಗುರುಗಳಿಗೆ ಮಾತ್ರ ಬಣ್ಣ ಇರುತ್ತಿತ್ತು. ಕೇಳಿದರೆ, "ಬಲದ್ದು ದುಡಿಯುವ ಕೈ ಅಕ್ಕ, ಇದು ನೋಡುವ ಕೈ" ಎನ್ನುತ್ತಿದ್ದಳು. ಜೋರು ಧ್ವನಿ. ಮೆಟ್ಟಿಲು ಇಳಿದರೆ ಇಡೀ ಮನೆಗೆ ಗೊತ್ತಾಗಬೇಕು. ತನ್ನನ್ನು ತಾನೇ ಹೊಗಳಿಕೊಳ್ಳಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. "ನನ್ನಷ್ಟು ಚೆಂದ ಗೆರೆ ಎಳೆಯುವವರು ಈ ತಾಲೂಕಿನಲ್ಲಿ ಬೇರೆ ಯಾರುಂಟು ಹೇಳಿ" ಎಂದು ಮೀನು ಮಾರುವ ಹೆಂಗಸಿನ ಹತ್ತಿರವೂ ಕೇಳಿದ್ದಾಳೆ. ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಅಂಗೈ ಒತ್ತಿ, ತಲೆಯೆತ್ತಿ ಮಾಡಿನ ಮೂಲೆ ನೋಡುವಳು. ಮನೆಯವರ ಮುಖ ನೋಡುವುದು ಆಮೇಲೆ. ನಮ್ಮಲ್ಲಿಗೆ ಬಂದ ದಿನವೂ ಹಾಗೆಯೇ ಮಾಡಿ, "ಈ ಮೂಲೆ ಸರಿ ಇಲ್ಲ ಆಂಟಿ, ಇದನ್ನು ಕಟ್ಟುವಾಗ ಮೇಸ್ತ್ರಿಗೆ ನಿದ್ರೆ ಬಂದಿತ್ತು" ಎಂದಿದ್ದಳು. ಅಪ್ಪ ನಿಂತು ಕಟ್ಟಿಸಿದ ಮೂಲೆ ಅದು. ಅಮ್ಮನಿಗೆ ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಅಮ್ಮ ನಕ್ಕರು.

ಆಗ ಅವಳು ಅಮ್ಮನನ್ನು ಆಂಟಿ ಎನ್ನುತ್ತಿದ್ದಳು. ಅಮ್ಮ ಎನ್ನತೊಡಗಿದ್ದು ಯಾವಾಗ ಎಂದು ನಾನು ಗಮನಿಸಿರಲಿಲ್ಲ. ಒಂದು ಸಂಜೆ ಹಿತ್ತಿಲಿನಿಂದ "ಅಮ್ಮಾ" ಎಂಬ ಕೂಗು ಕೇಳಿತು, ಒಳಗಿನಿಂದ ಅಮ್ಮ "ಎಂತ ಮಗಾ" ಎಂದರು. ನಮ್ಮ ಮನೆಯಲ್ಲಿ ಹಾಗೆ ಕೂಗಬೇಕಾದವಳು ನಾನು. ನಾನು ಜಗಲಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದೆ.

ಇನ್ನು ಆ ಮನೆಯ ವಿಷಯ. ಅವಳ ಮೇಜಿಗೆ ಎಷ್ಟೋ ಮನೆಗಳು ಬಂದು ಹೋಗಿರಬೇಕು. ಆದರೆ ನಮ್ಮಲ್ಲಿ 'ಆ ಮನೆ' ಎಂದರೆ ಒಂದೇ. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಹೊಲಗಳ ನಡುವೆ ಇರುವ, ನೂರಾರು ವರ್ಷ ಹಳೆಯ ರೈತರ ಮನೆ. ಅದು ಅಲ್ಲಿಯ ಕಾನೂನಿನ ರಕ್ಷಣೆಯಲ್ಲಿದೆ. ಅನುಮತಿ ಇಲ್ಲದೆ ಅದರ ಒಂದು ಕಿಟಕಿ ಬದಲಿಸುವ ಹಾಗಿಲ್ಲ, ಗೋಡೆಯ ಗಾರೆ ಕೆರೆಯುವ ಹಾಗಿಲ್ಲ. ಯಜಮಾನನಿಗೆ ಅಡುಗೆಮನೆ ದೊಡ್ಡದು ಮಾಡಬೇಕಿತ್ತು, ಅದಕ್ಕೆ ಪಕ್ಕದ ಸಣ್ಣ ಕೋಣೆಯ ನಡುಗೋಡೆ ತೆಗೆಯಬೇಕಿತ್ತು. ಅನುಮತಿ ಕೇಳುವ ಮೊದಲು ಇಡೀ ಮನೆ ಹೇಗಿದೆಯೋ ಹಾಗೇ ನಕ್ಷೆಯಾಗಬೇಕು. ಆ ಕೆಲಸ ಇವಳ ಪಾಲಿಗೆ ಬಂತು.

ನೀರಿನ ಮೋಟಾರಿನ ಸ್ವಿಚ್ ಹಾಕಲು ಮೇಲೆ ಹೋದಾಗ ನಾನು ಅದನ್ನು ಮೊದಲ ಸಲ ನೋಡಿದೆ. ಕಪ್ಪು ಪರದೆಯಲ್ಲಿ ಬೂದಿ ಬಣ್ಣದ ಚುಕ್ಕಿಗಳ ಒಂದು ಮನೆ. ಹೊರಗೋಡೆಯ ಮೂಲಕ ಒಳಗಿನ ಮೆಟ್ಟಿಲು ಕಾಣುತ್ತಿತ್ತು, ಮೆಟ್ಟಿಲಿನ ಮೂಲಕ ಆಚೆಯ ಒಲೆ. ಅವಳು ಮೌಸ್ ಹಿಡಿದು ತಿರುಗಿಸಿದರೆ ಇಡೀ ಮನೆ ತಿರುಗುತ್ತಿತ್ತು. ಒಂದು ವಾರ ಕೆಲಸ ಮಾಡಿ ಮೊದಲ ನಕ್ಷೆ ಕಳುಹಿಸಿ, ಅವಳು ಅಂದು ಬಹಳ ಖುಷಿಯಲ್ಲಿದ್ದಳು.

ಮರುದಿನ ಮುಖ ಇಳಿಬಿಟ್ಟು ಮೆಟ್ಟಿಲಿಳಿದವಳು ಬೇರೆಯೇ ಹೆಂಗಸಿನಂತಿದ್ದಳು. ಆಗಿದ್ದು ಇಷ್ಟು. ಚುಕ್ಕಿಗಳಲ್ಲಿ ಆ ಮನೆಯ ಒಂದು ಗೋಡೆಯೂ ನೆಟ್ಟಗಿರಲಿಲ್ಲ. ಕಂಬಗಳು ಒಂದು ಕಡೆ ವಾಲಿದ್ದವು, ಮೇಲಿನ ನೆಲ ದೋಣಿಯ ಹೊಟ್ಟೆಯಂತೆ ತಗ್ಗಿತ್ತು. ಅವಳ ಅಪ್ಪ ಬದಿಯಡ್ಕದ ಕಡೆ ಹೆಸರು ಮಾಡಿದ ಮೇಸ್ತ್ರಿ. ನೂಲು ಕಟ್ಟಿ ಕೆಂಪುಕಲ್ಲು ಇಡುವಾಗ ಒಂದು ಕಲ್ಲು ನೂಲು ಬಿಟ್ಟು ಹೊರಗೆ ಬಂದರೂ ತೆಗೆಸಿ ಮತ್ತೆ ಇಡಿಸುತ್ತಿದ್ದವರು. ಅವರ ಮಗಳು ಯಂತ್ರ ತಪ್ಪಿದೆ ಎಂದುಕೊಂಡಳು. ಒಂದು ವಾರ ಕೂತು ಆ ಮನೆಯ ಎಲ್ಲ ಗೋಡೆಗಳನ್ನೂ ನೆಟ್ಟಗೆ ಮಾಡಿ, ಮೂಲೆಗಳನ್ನು ಮಟ್ಟಕ್ಕೆ ತಂದು, ನೆಲವನ್ನು ಸಮ ಮಾಡಿ ಕಳುಹಿಸಿದ್ದಳು. ಇಂಗ್ಲೆಂಡಿನ ಸರ್ವೆಯವನು ಒಂದೇ ಸಾಲಿನ ಉತ್ತರ ಬರೆದಿದ್ದ. ಬಹಳ ಸುಂದರವಾದ ಮನೆ, ಇದು ಯಾರದು ಎಂದು.

"ಓರೆ ಇದ್ದದ್ದನ್ನು ಓರೆಯೇ ಎಳಿಬೇಕಂತೆ ಅಮ್ಮ. ಆ ಓರೆಗೇ ಅಲ್ಲಿ ಕಾನೂನು ಉಂಟಂತೆ."

"ಓರೆಗೆ ಕಾನೂನಾ?"

"ಹೌದು. ನಮ್ಮ ಅಪ್ಪ ಕೇಳಿದ್ರೆ ಇನ್ನೊಮ್ಮೆ ಸಾಯ್ತಿದ್ರು."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ತೋರ್ಸು ನೋಡುವ" ಎಂದು ಎದ್ದರು. ಮಂಡಿನೋವಿನ ಅಮ್ಮ, ಡಾಕ್ಟರು ನಡೆಯಲೇಬೇಕು ಎಂದರೂ ಗೇಟಿನ ತನಕ ನನ್ನ ಜೊತೆ ಬಾರದ ಅಮ್ಮ, ಕೈಹಿಡಿಯನ್ನು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಮಹಡಿಗೆ ಹೋದರು. ಆಮೇಲೆ ದಿನಾ ಸಂಜೆ ಹೋಗತೊಡಗಿದರು. ಪರದೆಯ ಚುಕ್ಕಿ ನನಗೆ ಅರ್ಥವಾಗಲು ಸಮಯ ಹಿಡಿದಿತ್ತು. ಅಮ್ಮ ಒಂದೇ ನೋಟಕ್ಕೆ, "ಇದು ಚುಕ್ಕಿ ಇಟ್ಟು ರಂಗೋಲಿ ಬಿಡುದಲ್ವಾ, ಇದರಲ್ಲಿ ಎಂತ ಉಂಟು" ಎಂದು ಕುರ್ಚಿ ಎಳೆದುಕೊಂಡು ಕೂತರಂತೆ.

ಹೀಗೆ ಆ ಮನೆ ಇಬ್ಬರದಾಯಿತು. ನನಗೆ ಅದು ಸಿಕ್ಕಿದ್ದು ಕೆಳಗಿನ ಜಗಲಿಯಲ್ಲಿ ಕೂತು ಕೇಳಿಸಿಕೊಂಡಷ್ಟು, ರಾತ್ರಿ ಊಟದ ಹೊತ್ತಿಗೆ ಅಮ್ಮ ಹೇಳಿದಷ್ಟು. ಕೇಳಿದ್ದನ್ನು ಕೂಡಿಸಿ ಬರೆಯುತ್ತೇನೆ. ಅದು ಮೊದಲಿಗೆ ಒಂದೇ ದೊಡ್ಡ ಕೋಣೆಯ ಮನೆ. ತಗ್ಗು ಕಲ್ಲಿನ ಪಾಯದ ಮೇಲೆ ಓಕ್ ಮರದ ಕಂಬ ತೊಲೆಗಳ ಚೌಕಟ್ಟು. ಕಂಬಗಳ ನಡುವೆ ಕಡ್ಡಿ ಹೆಣೆದು ಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತಿದ ಗೋಡೆ, ಮೇಲೆ ಸುಣ್ಣ. ಸೆಗಣಿ ಎಂದಾಗ ಅಮ್ಮ, "ಅವರೂ ಸಾರಿಸ್ತಾರಾ?" ಎಂದು ಬಹಳ ಸಮಾಧಾನಪಟ್ಟಿದ್ದರು. ಆಗ ಹೊಗೆಗೂಡು ಇರಲಿಲ್ಲ. ಬೆಂಕಿ ಕೋಣೆಯ ನಡುವೆ ನೆಲದ ಮೇಲೆಯೇ ಉರಿಯುತ್ತಿತ್ತು, ಹೊಗೆ ಮಾಡಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಆ ಕಾಲದ ಮಸಿ ಅಟ್ಟದ ಮರಗಳ ಮೇಲೆ ಈಗಲೂ ಇದೆ. ಆಮೇಲೆ ಬಂದ ಯಾರೋ ಮನೆಯ ನಡುವೆ ಇಟ್ಟಿಗೆಯ ದೊಡ್ಡ ಒಲೆಗೂಡು ಕಟ್ಟಿದರು. ಅದರೊಳಗೆ ಬೆಂಚು ಹಾಕಿ ಜನ ಕೂರಬಹುದು, ಅಷ್ಟು ದೊಡ್ಡದು. ಅದರ ಪಕ್ಕದಲ್ಲಿ ರೊಟ್ಟಿ ಬೇಯಿಸುವ ಗೂಡು. ಹೊಗೆಗೂಡು ಬಂದ ಮೇಲೆ, ಹೊಗೆಗೆಂದು ಬಿಟ್ಟಿದ್ದ ಮೇಲಿನ ಖಾಲಿ ಜಾಗ ಬೇಡವಾಯಿತು, ಅಲ್ಲಿ ಹಲಗೆ ಹಾಸಿ ಮಹಡಿ ಮಾಡಿದರು. ಒಲೆಯ ಬೆನ್ನಿಗೆ ಸುತ್ತಿಕೊಂಡು ಮೆಟ್ಟಿಲು ಹತ್ತಿತು. ಇನ್ಯಾರೋ ಹಿಂದೆ ಅಡುಗೆಮನೆ ಸೇರಿಸಿದರು, ಅದಕ್ಕೆ ತಾಗಿ ಉತ್ತರಕ್ಕೆ ಹಾಲು ಬೆಣ್ಣೆ ಇಡುವ ತಣ್ಣನೆಯ ಕೋಣೆ. ಯಾರೂ ಹಿಂದಿನವರು ಕಟ್ಟಿದ್ದನ್ನು ಕೆಡವಲಿಲ್ಲ, ಅದಕ್ಕೇ ಒರಗಿಸಿ ಇನ್ನೊಂದು ಕಟ್ಟಿದರು. ಹಾಗಾಗಿ ಎಲ್ಲವೂ ಒಂದನ್ನೊಂದು ಹಿಡಿದುಕೊಂಡು ವಾಲಿ ನಿಂತಿದೆ.

ಇದನ್ನು ಬರೆಯುವಾಗಲೂ ನನಗೆ ಆ ಮನೆ ಇಷ್ಟವಾಗುತ್ತಿದೆ ಎಂಬುದೇ ಬೇಸರದ ಸಂಗತಿ.

ಅವಳು ಇಂಗ್ಲೆಂಡಿಗೆ ಹೋದವಳಲ್ಲ. ಅಮ್ಮ ಕಾಸರಗೋಡು ದಾಟಿ ಹೋದದ್ದೇ ಕಡಿಮೆ. ಆದರೆ ಇಬ್ಬರೂ ಅಲ್ಲಿ ಸಂಸಾರ ಹೂಡಿದ್ದರು. ಒಮ್ಮೆ ರೈಲಿನಲ್ಲಿ ಅವಳು ಪಕ್ಕದ ಹೆಂಗಸಿಗೆ ಫೋನಿನಲ್ಲಿ ಆ ಮನೆಯ ಚಿತ್ರ ತೋರಿಸುತ್ತ, "ನಮ್ಮದೇ. ಸ್ವಲ್ಪ ರಿಪೇರಿ ಉಂಟು" ಎನ್ನುತ್ತಿದ್ದುದನ್ನು ಹಿಂದಿನ ಸೀಟಿನಲ್ಲಿ ಕೂತು ಕೇಳಿದ್ದೇನೆ. ಇಳಿದ ಮೇಲೆ ನಾನು, "ಎಂತ ಅದು ಸುಳ್ಳು?" ಎಂದೆ. "ರಿಪೇರಿ ಇರುದು ಸತ್ಯ ಅಲ್ವಾ ಅಕ್ಕ" ಎಂದು ಕೊಡೆ ಬಿಡಿಸಿದಳು.

ಕೋಣೆಗಳನ್ನು ಹಂಚಿದ ಸಂಜೆ ನಾನು ಮೆಟ್ಟಿಲಿನ ಕೆಳಗೆ ಇದ್ದೆ. ಒಣಗಿದ ಬಟ್ಟೆ ಮಡಚುತ್ತಿದ್ದೆ. ಮಡಚಿ ಮುಗಿದ ಮೇಲೂ ಅಲ್ಲೇ ನಿಂತಿದ್ದೆ ಎಂಬುದೂ ನಿಜ.

"ನಿಮಗೆ ಒಲೆಯ ಹಿಂದಿನ ಮೇಲಿನ ಕೋಣೆ ಅಮ್ಮ. ಹೊಗೆಗೂಡಿನ ಬಿಸಿ ಗೋಡೆಗೆ ಬರ್ತದೆ. ಮಂಡಿಗೆ ಒಳ್ಳೆದು."

"ಹತ್ತುದು ಹೇಗೆ?"

"ಹಗ್ಗ ಕಟ್ಟಿದ್ದಾರೆ ಗೋಡೆಗೆ. ಹಗ್ಗ ಹಿಡ್ಕೊಂಡು ಹತ್ತುದು."

"ಹಗ್ಗ ಹಿಡಿಲಿಕ್ಕೆ ಬಾವಿಯಾ ಅದು?"

"ಅಭ್ಯಾಸ ಆಗ್ತದೆ. ನಂಗೆ ಅಟ್ಟ ಸಾಕು, ಮಸಿ ಇದ್ದದ್ದು."

"ದೇವರನ್ನು ಎಲ್ಲಿ ಇಡುದು?"

"ರೊಟ್ಟಿಯ ಗೂಡು ಉಂಟಲ್ಲ. ದೀಪ ಇಟ್ರೂ ಗಾಳಿಗೆ ಹೋಗುದಿಲ್ಲ."

"ಉಪ್ಪಿನಕಾಯಿ ಭರಣಿ ಆ ಹಾಲಿನ ಕೋಣೆಯಲ್ಲಿ. ತಣ್ಣಗೆ ಇರ್ತದೆ. ಇವರು ಎಲ್ಲಿ ಕೂತ್ಕೊಳ್ಳುದು?"

ಇವರು ಎಂದರೆ ಅಪ್ಪ.

"ಒಲೆಯ ಒಳಗೆ ಬೆಂಚಿ ಉಂಟಲ್ಲ. ಪೇಪರ್ ಓದ್ಲಿಕ್ಕೆ ಬೆಚ್ಚಗೆ."

"ಒಲೆಯೊಳಗೆ ಕೂತ್ರೆ ಸುಡುದಿಲ್ವಾ ಮಾರಾಯ್ತಿ?"

"ಅವರು ಹೇಗೂ ಫೋಟೋದಲ್ಲಿ ಅಲ್ವಾ ಅಮ್ಮ."

ಅಮ್ಮ ನಕ್ಕರು. ಕೆಮ್ಮು ಬರುವ ತನಕ ನಕ್ಕರು. ಆ ಮಾತನ್ನು ನಾನು ಆಡಿದ್ದರೆ ಅಮ್ಮ ಒಂದು ವಾರ ನನ್ನ ಜೊತೆ ಮಾತು ಬಿಡುತ್ತಿದ್ದರು. ಅಪ್ಪ ಹೋದ ಮೇಲೆ ನಾವಿಬ್ಬರೂ ಅವರ ಹೆಸರೆತ್ತಿ ನಕ್ಕದ್ದು ನನಗೆ ನೆನಪಿಲ್ಲ. ನಕ್ಕಿರಲೂಬಹುದು.

ನಮ್ಮ ಮನೆಯ ಬೆಕ್ಕಿಗೂ ದಕ್ಷಿಣದ ಕಿಟಕಿಯ ದಂಡೆ ಸಿಕ್ಕಿತು. ಆಮೇಲೆ ಅಮ್ಮ, "ಮತ್ತೆ..." ಎಂದರು. ನಾನು ಕೈಯಲ್ಲಿದ್ದ ಟವಲನ್ನು ಎದೆಗೆ ಹಿಡಿದು ನಿಂತೆ. ಅಷ್ಟರಲ್ಲಿ ಹಳಿಯ ಮೇಲೆ ಗೂಡ್ಸ್ ರೈಲು ಬಂತು. ನಮ್ಮ ಮನೆಯಲ್ಲಿ ರೈಲು ಬಂದಾಗ ಯಾರೂ ಮಾತು ನಿಲ್ಲಿಸುವುದಿಲ್ಲ, ಹತ್ತಿರ ಇದ್ದವರಿಗೆ ತುಟಿ ನೋಡಿ ತಿಳಿಯುತ್ತದೆ. ದೂರ ಇದ್ದವರಿಗೆ ಏನೂ ಕೇಳುವುದಿಲ್ಲ. ಉದ್ದದ ರೈಲು. ಅದು ಹೋಗಿ ಮುಗಿಯುವಾಗ ಮೇಲೆ ಮಾತು ಬೇರೆ ಕಡೆ ತಿರುಗಿತ್ತು. ಅಮ್ಮ ನನ್ನ ಹೆಸರು ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಮೇಲೆ ಹತ್ತಿ ಹೋಗಿ ಕೇಳಬಹುದಿತ್ತು. ಎಂ.ಎ. ಮಾಡಿದವಳು, ಊರಿನ ಅರ್ಧ ಮಕ್ಕಳಿಗೆ ಟೀಚರು, ಇಲ್ಲದ ಮನೆಯಲ್ಲಿ ನನಗೊಂದು ಕೋಣೆ ಕೊಡಿ ಎಂದು ಹೇಗೆ ಕೇಳುವುದು?

ಬೇರೆ ದಾರಿ ಹಿಡಿದೆ. ಓದಿದೆ. ಅಂಥ ಮನೆಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿ ಒಂದು ಭಾನುವಾರ ಕರೆಯದಿದ್ದರೂ ಮೇಲೆ ಹೋದೆ. ಪರದೆಯಲ್ಲಿ ಒಲೆಯ ಮೇಲಿನ ಅಡ್ಡತೊಲೆ ಇತ್ತು. ಅದರ ಮೇಲೆ ಕೈವಾರದಿಂದ ಗೀರಿದಂಥ ವೃತ್ತಗಳು, ಒಳಗೆ ಹೂವಿನ ಎಸಳುಗಳು. ಅವಳು ಅದನ್ನು ಬಡಗಿಯ ಮಗ ಬೇಸರ ಕಳೆಯಲು ಗೀರಿದ್ದು ಎನ್ನುತ್ತಿದ್ದಳು. ಅಮ್ಮ, ಅಲ್ಲ, ಅದು ಮದುವೆಗೆ ಬಿಟ್ಟ ರಂಗೋಲಿ, ಯಾವುದೋ ಹುಡುಗಿ ಆ ಮನೆಗೆ ಮದುವೆಯಾಗಿ ಬಂದಿರಬೇಕು ಎನ್ನುತ್ತಿದ್ದರು. ಆ ಹುಡುಗಿಗೆ ಹೆಸರು ಕೂಡ ಇಟ್ಟಾಗಿತ್ತು. ನಾನು ನಿಂತಲ್ಲಿಂದಲೇ, "ಅದು ಕೆಟ್ಟದ್ದು ಹೊಗೆಗೂಡಿನಿಂದ ಒಳಗೆ ಬಾರದ ಹಾಗೆ ತಡೆಯಲು ಗೀರಿದ್ದು ಎಂದು ಬಲ್ಲವರು ಹೇಳುತ್ತಾರೆ" ಎಂದೆ. ಇಬ್ಬರೂ ತಿರುಗಿ ನೋಡಿದರು.

"ಟೀಚರು ಬಂದ್ರು" ಎಂದರು ಅಮ್ಮ.

ಅವಳು ಎದ್ದು ನನಗೆ ಕುರ್ಚಿ ಕೊಟ್ಟಳು. ಕುರ್ಚಿ ಕೊಟ್ಟ ರೀತಿಯಲ್ಲೇ ನಾನು ಅತಿಥಿ ಎಂದು ತಿಳಿಯಿತು. ಅಮ್ಮ, ಕೆಳಗೆ ಒಲೆಯ ಮೇಲೆ ಹಾಲು ಇಟ್ಟದ್ದು ನೆನಪಾಯಿತೆಂದು ಎದ್ದು ಹೋದರು. ಆ ಹುಡುಗಿಯ ಹೆಸರು ಏನಿಟ್ಟಿದ್ದರು ಎಂದು ನನಗೆ ಯಾರೂ ಹೇಳಲಿಲ್ಲ.

ನಮ್ಮ ಮನೆಯೊಳಗೂ ಆ ಕಾನೂನು ಇಳಿದು ಬಂತು. ಅಡುಗೆಮನೆಯ ಕಿಟಕಿಯ ಮರ ಉಬ್ಬಿ ಮುಚ್ಚಲಾಗದೆ ಹೋಗಿತ್ತು. ಅಲ್ಯುಮಿನಿಯಂ ಹಾಕಿಸುವ ಎಂದೆ. ಅಮ್ಮ ಚಹಾ ಸೋಸುತ್ತ, "ಪರ್ಮಿಶನ್ ತೆಗೊಂಡಿದ್ದೀಯಾ?" ಎಂದರು. ತಮಾಷೆ ಎಂದುಕೊಂಡೆ. ಕೆಲಸದವನು ಅಳತೆಗೆ ಬಂದಾಗ ಅಮ್ಮ ಅವನನ್ನು ಗೇಟಿನಿಂದಲೇ ಕಳುಹಿಸಿಬಿಟ್ಟಿದ್ದರು. ಆ ಕಿಟಕಿ ಈಗಲೂ ಮುಚ್ಚುವುದಿಲ್ಲ.

ಒಂದು ದಿನ ಶಾಲೆಯಿಂದ ಬರುವಾಗ ಮನೆಯಲ್ಲಿ ಪಾಯಸದ ಪರಿಮಳ. ಹಬ್ಬವಲ್ಲ, ಯಾರ ಹುಟ್ಟಿದ ದಿನವೂ ಅಲ್ಲ.

"ಎಂತ ವಿಶೇಷ?"

"ಗೋಡೆ ಉಳಿತು" ಎಂದರು ಅಮ್ಮ.

ಇಂಗ್ಲೆಂಡಿನಿಂದ ಕೊನೆಯ ನಕ್ಷೆಗೆ ತಿದ್ದುಪಡಿ ಬಂದಿತ್ತಂತೆ. ಅಡುಗೆಮನೆಗೂ ಹಾಲಿನ ಕೋಣೆಗೂ ನಡುವಿನ ಗೋಡೆಯನ್ನು ಇದ್ದ ಹಾಗೇ ತೋರಿಸಿ ಎಂದು. ಅನುಮತಿ ಸಿಗಲಿಲ್ಲವೋ, ಯಜಮಾನನೇ ಮನಸ್ಸು ಬದಲಿಸಿದನೋ, ಅದು ಇವರಿಗೆ ಬೇಕಿರಲಿಲ್ಲ. ಉಪ್ಪಿನಕಾಯಿ ಭರಣಿಯ ಕೋಣೆ ಉಳಿದಿತ್ತು. ಅವಳು ನೆಲದಲ್ಲಿ ಕೂತು ಎರಡನೆಯ ಲೋಟ ಪಾಯಸ ಕುಡಿಯುತ್ತ, "ಅಕ್ಕ, ನಿಮ್ಮ ಪಾಲು ಪಾತ್ರೆಯಲ್ಲಿ ಉಂಟು" ಎಂದಳು. ನನ್ನ ಮನೆಯಲ್ಲಿ, ನನ್ನ ಪಾಲು ಎಲ್ಲಿದೆ ಎಂದು ಅವಳು ಹೇಳಿದಳು.

ನನಗೆ ಕೆಲಸ ಖಾಯಂ ಆದ ದಿನ ಅಮ್ಮ ಪಾಯಸ ಮಾಡಿದ್ದರೇ? ಇಲ್ಲ ಎಂದೇ ನಾನು ಆ ರಾತ್ರಿ ಡೈರಿಯಲ್ಲಿ ಬರೆದೆ. ಮಾಡಿದ್ದೆ, ಕಡಲೆಬೇಳೆಯದ್ದು, ನೀನು ಸಿಹಿ ಹೆಚ್ಚಾಯಿತು ಅಂದೆ ಎಂದು ಅಮ್ಮ ಹೇಳುತ್ತಾರೆ. ಅಷ್ಟು ವಿವರವಾಗಿ ಹೇಳುವಾಗ ಅದು ಆಗಿರಲೇಬೇಕು. ಆದರೂ ನನಗೆ ಅದರ ರುಚಿ ನೆನಪಾಗುವುದಿಲ್ಲ, ಗೋಡೆ ಉಳಿದ ಪಾಯಸದ ರುಚಿ ಮರೆಯುವುದಿಲ್ಲ.

ಅವಳಿಂದ ನಾನು ಕಲಿತದ್ದು ಒಂದಿದೆ, ಅದನ್ನು ಬರೆಯದಿದ್ದರೆ ಈ ಚಿತ್ರ ಅನ್ಯಾಯದ್ದಾಗುತ್ತದೆ. ಆ ಮನೆಯ ನಕ್ಷೆಯಲ್ಲಿ ಮೆಟ್ಟಿಲಿಗೂ ಹೊಗೆಗೂಡಿಗೂ ನಡುವೆ ಒಂದಿಷ್ಟು ಜಾಗ ಕಪ್ಪಗೆ ಇತ್ತು. ಯಂತ್ರದ ಬೆಳಕು ಅಲ್ಲಿಗೆ ತಲುಪಿರಲಿಲ್ಲ. ಅಲ್ಲೊಂದು ಗುಪ್ತ ಕೋಣೆ ಇರಬಹುದು, ಮಣ್ಣು ತುಂಬಿರಬಹುದು, ಬರೇ ಇಟ್ಟಿಗೆಯೂ ಇರಬಹುದು. ಅಂದಾಜಿನಿಂದ ಒಂದು ಗೆರೆ ಎಳೆದು ಮುಗಿಸಬಾರದೇ ಎಂದು ಕೇಳಿದ್ದೆ. ಮೊದಲ ನಕ್ಷೆಯ ಪೆಟ್ಟು ತಿಂದವಳು ಗಂಭೀರಳಾಗಿ, "ಕಾಣದ್ದನ್ನು ಎಳೆಯುವ ಹಾಗಿಲ್ಲ ಅಕ್ಕ. ಜಾಗ ಬಿಟ್ಟು, ಅಲ್ಲಿ 'ಕಂಡಿಲ್ಲ' ಅಂತ ಬರೆದು ಕಳಿಸುದು" ಎಂದಳು. ಅವರ ಕೆಲಸದ ಕ್ರಮವೇ ಅದಂತೆ. ಅಂದಿನಿಂದ ಡೈರಿಯಲ್ಲಿ ನಾನೂ ಹಾಗೆ ಮಾಡುತ್ತೇನೆ. ಕೊಡೆಯ ಬಣ್ಣ: ಕಂಡಿಲ್ಲ. ಅವಳು ಒಬ್ಬಳೇ ಇದ್ದಾಗ ಹೇಗಿರುತ್ತಿದ್ದಳು: ಕಂಡಿಲ್ಲ. ನನ್ನನ್ನು ಇಷ್ಟಪಡುತ್ತಿದ್ದಳೇ: ಕಂಡಿಲ್ಲ.

ಕಚೇರಿಯವರು ದಿನಾ ಬರಬೇಕು ಎಂದಾಗ ಅವಳು ಮಹಡಿ ಬಿಟ್ಟು ಮಂಗಳೂರಿಗೆ ಹೋದಳು. ಹೋಗುವ ದಿನ ಗೋಡೆಗೆ ಅಂಗೈ ಒತ್ತಿ, ಅಪ್ಪ ಕಟ್ಟಿಸಿದ ಮೂಲೆಯನ್ನು ಒಮ್ಮೆ ನೋಡಿ, "ಇದು ಹೀಗೇ ಇರ್ಲಿ ಅಮ್ಮ" ಎಂದಳು. ಅಮ್ಮ ಗೇಟಿನ ತನಕ ನಡೆದು ಹೋಗಿ ಕಳುಹಿಸಿಕೊಟ್ಟರು. ನನಗೆ ಹಗುರವಾಯಿತು. ಇನ್ನು ಅಮ್ಮ ಕೆಳಗಿಳಿಯುತ್ತಾರೆ, ಸಂಜೆ ನನ್ನ ಜೊತೆ ಜಗಲಿಯಲ್ಲಿ ಕೂರುತ್ತಾರೆ ಎಂದುಕೊಂಡೆ. ಅಮ್ಮ ಕೂತರು. ನಾವು ಕರೆಂಟು ಬಿಲ್ಲಿನ ವಿಷಯ ಮಾತಾಡಿದೆವು, ಪಂಚಾಯತ್ ಮೆಂಬರರ ಮಗಳ ಮದುವೆಯ ವಿಷಯ ಮಾತಾಡಿದೆವು. ಇಡೀ ದಿನ ಇತಿಹಾಸ ಹೇಳಿ ಬಂದ ನನ್ನಲ್ಲಿ ಅಮ್ಮನಿಗೆ ಹೇಳಲು ಒಂದು ಮನೆಯೂ ಇರಲಿಲ್ಲ.

ಹೋದ ತಿಂಗಳು ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗ ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಮಹಡಿಯ ಕೂಸು ತೀರಿಕೊಂಡ್ಳು."

"ಕಾಯಿಲೆ ಇತ್ತಾ?" ಎಂದೆ.

"ಇತ್ತು. ಕೆಲವು ತಿಂಗಳಿಂದ. ಆಸ್ಪತ್ರೆಯಿಂದಲೂ ಫೋನು ಮಾಡ್ತಿದ್ಳು."

"ನಂಗೆ ಹೇಳ್ಲೇ ಇಲ್ಲ."

"ನಿಂಗೆ ಅವಳನ್ನು ಕಂಡ್ರೆ ಆಗ್ತಿರ್ಲಿಲ್ಲವಲ್ಲ. ಹೇಳಿ ಎಂತ ಮಾಡುದು?"

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡದ್ದು ಇಷ್ಟು ವರ್ಷ ಅಮ್ಮನ ಕಣ್ಣೆದುರೇ ಇತ್ತು. ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಅವರು ಅವಳ ಜೊತೆ ಮಾತಾಡುತ್ತಿದ್ದರು. ಅಷ್ಟು ಕಾಯಿಲೆಯಲ್ಲಿ ಇದ್ದವಳ ಮೇಲೆ ಆ ಕ್ಷಣದಲ್ಲೂ ನನಗೆ ಬಂದದ್ದು ಮರುಕ ಮಾತ್ರ ಅಲ್ಲ.

ಉತ್ತರಕ್ರಿಯೆಯ ದಿನ ಬದಿಯಡ್ಕದ ಕಡೆಯ ಅವಳ ಮನೆಗೆ ಇಬ್ಬರೂ ಹೋದೆವು. ಮೇಸ್ತ್ರಿ ತಾನಿರಲು ಕಟ್ಟಿದ ಮನೆ. ನೂಲು ಹಿಡಿದ ಹಾಗೆ ನೆಟ್ಟಗಿನ ಗೋಡೆಗಳು, ಒಂದು ಮೂಲೆಯಲ್ಲೂ ತಪ್ಪಿಲ್ಲ. ಅವಳ ತಮ್ಮ ಅಮ್ಮನನ್ನು ನೋಡಿದ ಕೂಡಲೇ ಗುರುತು ಹಿಡಿದು, "ಶಿರಿಯದ ಅಮ್ಮ ಅಲ್ವಾ? ಅಕ್ಕ ದಿನಾ ಹೇಳ್ತಿದ್ಳು" ಎಂದ. ಆಮೇಲೆ ನನ್ನ ಕಡೆ ತಿರುಗಿ ವಿನಯದಿಂದ, "ಇವರು?" ಎಂದ.

"ಮಗಳು" ಎಂದರು ಅಮ್ಮ.

ಅವನು ನಮ್ಮನ್ನು ಒಳಗೆ ಕರೆದ. ಹೊಸ್ತಿಲು ದಾಟಿದ ಅಮ್ಮ, ಯಾರ ಮುಖವನ್ನೂ ನೋಡುವ ಮೊದಲು, ಗೋಡೆಗೆ ಅಂಗೈ ಒತ್ತಿದರು. ತಲೆಯೆತ್ತಿ ಮಾಡಿನ ಮೂಲೆ ನೋಡಿದರು. ಹಾಗೇ ತುಂಬ ಹೊತ್ತು ನಿಂತರು. ನನ್ನನ್ನು ಹೆತ್ತ ಅಮ್ಮನಲ್ಲಿ ನನ್ನದೊಂದು ಅಭ್ಯಾಸವೂ ಸೇರಿಲ್ಲ.

ಮರುದಿನ ರಜೆ. ಅಮ್ಮ ಅಡುಗೆಮನೆಯಲ್ಲಿ ಎಳೆಯ ಹಲಸು ಹೆಚ್ಚಲು ಕೂತಿದ್ದರು, ಮೆಟ್ಟುಕತ್ತಿಗೂ ಕೈಗೂ ಎಣ್ಣೆ ಹಚ್ಚಿಕೊಂಡು. ಮುಚ್ಚದ ಕಿಟಕಿಯಿಂದ ಗಾಳಿ ಬರುತ್ತಿತ್ತು. ನಾನು ಎದುರಿಗೆ ನೆಲದಲ್ಲಿ ಕೂತು ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕತೊಡಗಿದೆ. ಕೇಳಬೇಕೆಂದು ಬಂದದ್ದನ್ನು ಬಿಟ್ಟು, ಉಪ್ಪು ಈಗಲೇ ಹಾಕಬೇಕಾ ಎಂದು ಕೇಳಿದೆ. ಬೇಡ ಎಂದರು. ಹೋಳುಗಳು ಅರ್ಧ ಪಾತ್ರೆ ಆದ ಮೇಲೆ ಕೇಳಿಯೇಬಿಟ್ಟೆ.

"ಅಮ್ಮಾ, ಆ ಮನೆಯಲ್ಲಿ ನಂಗೆ ಯಾವ ಕೋಣೆ ಇಟ್ಟಿದ್ದಿರಿ?"

ಅಮ್ಮನ ಕೈ ಕತ್ತಿಯ ಮೇಲೆ ನಿಂತಿತು. ನನ್ನ ಮುಖ ನೋಡಿದರು. ಬಾಯಿ ತೆರೆದರು, ಈ ಸಲ ಮಾತನ್ನು ನುಂಗಲು ರೈಲು ಇರಲಿಲ್ಲ. ಆಮೇಲೆ ಬೆರಳಿಗೆ ಅಂಟಿದ ಮೇಣವನ್ನು ಎಣ್ಣೆ ಹಾಕಿ ಉಜ್ಜತೊಡಗಿದರು, ಒಂದೊಂದೇ ಬೆರಳನ್ನು, ಬಹಳ ಜಾಗ್ರತೆಯಿಂದ. ನಾನು ಪಾತ್ರೆ ಹಿಡಿದುಕೊಂಡು ಕೂತೇ ಇದ್ದೆ.